ಎಕರೆ, ಗುಂಟೆ, ಚದರ, ಕಾರ್ಪೆಟ್ಟು

ನಮ್ಮ ಉಲ್ಲಾಳದಲ್ಲಿ ಈಗ ಯಾರ ಬಾಯಲ್ಲಿ ಕೇಳಿದ್ರೂ ತರ್ಟಿ-ಫಾರ್ಟಿ, ಟ್ವೆಂಟಿ-ತರ್ಟಿ. ಹೂವಿನವಳು ಮೊಳ ಹಾಕಿ ಮಲ್ಲಿಗೆ ಕೊಡ್ತಾನೇ ಮಗನ ಸೈಟು ತರ್ಟಿ-ಫಾರ್ಟಿ ಕಣಮ್ಮ ಅಂತಾಳೆ. ಒಂದೇ ಬಾಯಲ್ಲಿ ಎರಡು ಕಾಲದ ಅಳತೆ. ಅಳತೆಯ ಈ ಇಂಗ್ಲಿಷ್ ಮಾತುಗಳು ನಮ್ಮ ನಾಲಿಗೆಗೆ ಬಂದ ದಾರಿ ಯಾವುದು ಅಂತ ಬರೀಬೇಕು ಅನ್ನಿಸ್ತು.

ನಮ್ಮಜ್ಜಿ ಹೊಲಕ್ಕೆ ಎಕರೆ ಲೆಕ್ಕ ಹೇಳಿದವರಲ್ಲ. "ಹತ್ತು ಸೇರು ರಾಗಿ ಬಿತ್ತೋ ಹೊಲ" ಅನ್ನೋರು. ಆಗ ನೆಲ ಅಳೀತಿದ್ದಿದ್ದು ಬೀಜದಿಂದ. ಖಂಡುಗ ಅಂದ್ರೆ ಇಪ್ಪತ್ತು ಕೊಳಗ ಧಾನ್ಯ. ಅಷ್ಟು ಬಿತ್ತೋ ನೆಲಕ್ಕೂ ಖಂಡುಗ ಅಂತಲೇ ಹೆಸರು. ಗದ್ದೆಯಲ್ಲಿ ಬೀಜ ಒತ್ತಾಗಿ ಬೀಳತ್ತೆ, ಹೊಲದಲ್ಲಿ ತೆಳ್ಳಗೆ. ಹಾಗಾಗಿ ಗದ್ದೆಯ ಖಂಡುಗ ಚಿಕ್ಕದು, ಹೊಲದ ಖಂಡುಗ ದೊಡ್ಡದು. ಮೇಲಾಗಿ ಒಂದೂರಿನ ಸೇರು ಇನ್ನೊಂದೂರಿಗೆ ಹೊಂದ್ತಿರಲಿಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರೂರಿನ ಅಳತೆಗಳನ್ನೆಲ್ಲ ಕೂತು ಬರೆದುಕೊಂಡಿದ್ದಾನೆ. ಕಂದಾಯ ಎತ್ತೋರಿಗೆ ಇದು ತಲೆನೋವೇ ಸರಿ. ಬಿತ್ತೋರಿಗೆ ಮಾತ್ರ ಸಲೀಸು, ಹೊಲ ನೋಡಿದ ಕೂಡಲೇ ಎಷ್ಟು ಬೀಜ ಎತ್ತಿಡಬೇಕು ಅಂತ ಗೊತ್ತಾಗ್ತಿತ್ತಲ್ಲ.

ಎಕರೆ ಅನ್ನೋದು ಸಾಹೇಬರ ಮಾತು. ಆದ್ರೆ ಅದೂ ಮೊದಲು ರೈತರದ್ದೇ ಕಣ್ರೀ! ಹಳೇ ಇಂಗ್ಲಿಷಿನಲ್ಲಿ ಆ ಪದಕ್ಕೆ ಬರೀ ಹೊಲ ಅಂತ ಅರ್ಥ. ಆಮೇಲೆ ಎತ್ತು ಕಟ್ಟಿ ಒಂದು ದಿನದಲ್ಲಿ ಉಳೋವಷ್ಟು ನೆಲ ಅಂತಾಯ್ತು. "ಇನ್ನೆರಡು ಫರ್ಲಾಂಗು ನಡೀಬೇಕು" ಅಂತ ನಮ್ಮ ಹಿರಿಯರು ಅನ್ನೋರಲ್ಲ, ಆ ಫರ್ಲಾಂಗು ಅಂದ್ರೆ ನೇಗಿಲ ಸಾಲಿನ ಉದ್ದ. ಇಂಚಿಗೆ ಮೂರು ಬಾರ್ಲಿ ಕಾಳು ಉದ್ದುದ್ದಕ್ಕೆ ಇಟ್ಟರೆ, ನಮ್ಮ ಅಂಗುಲಕ್ಕೆ ಎಂಟು ಜವೆಗೋಧಿ ಕಾಳು ಅಡ್ಡಡ್ಡಕ್ಕೆ. ಎರಡೂ ಕಡೆಯವರು ಕಾಳನ್ನೇ ಹಿಡಿದಿದ್ದರು.

ವ್ಯತ್ಯಾಸ ಆಗಿದ್ದು ಸರಪಳಿಯಿಂದ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ 66 ಅಡಿಯ ಸರಪಳಿ ಮಾಡಿದ. ಅದರ ಅಗಲ ಒಂದು, ಉದ್ದ ಹತ್ತು ಹಿಡಿದರೆ ಒಂದು ಎಕರೆ, 43,560 ಚದರ ಅಡಿ. ನೆಲ ಕಲ್ಲಾಗಲಿ ಕೆರೆಯಂಗಳವಾಗಲಿ, ಬೀಜ ಹಿಡಿಸಲಿ ಬಿಡಲಿ, ಲೆಕ್ಕ ಅಷ್ಟೇ. ನಮ್ಮ ಸರ್ವೆಯವರು ಹಿಡಿದಿದ್ದು ಅದರ ಅರ್ಧದ್ದು, 33 ಅಡಿ ಸರಪಳಿ. ಉದ್ದಕ್ಕೊಂದು ಅಗಲಕ್ಕೊಂದು ಸರಪಳಿ ಹಾಕಿದ್ರೆ 1089 ಚದರ ಅಡಿ, ಅದೇ ಗುಂಟೆ. ನಲವತ್ತು ಗುಂಟೆಗೆ ಎಕರೆ. ರೂಪಾಯಿಯಂತೆ ಗುಂಟೆಗೂ ಹದಿನಾರು ಆಣೆ. ಒಂದಾಣೆ ಅಂದ್ರೆ 68 ಚದರ ಅಡಿ, ಒಂದು ಪುಟ್ಟ ಅಡುಗೆಮನೆಯಷ್ಟು. ದುಡ್ಡಿನ ಆಣೆ 1957ರಲ್ಲಿ ಹೋಯ್ತು, ನೆಲದ ಆಣೆ ಹೋಗಲಿಲ್ಲ.

ನನಗೆ ಬೇಜಾರಾಗೋದು ಇಲ್ಲಿ. ಪತ್ರದಲ್ಲಿ ಎಕರೆ-ಗುಂಟೆ, ಅಜ್ಜಿ ತಲೆಯಲ್ಲಿ ಸೇರು-ಬಿತ್ತನೆ. ಓದಿ ಹೇಳಿದ್ರೂ ಅವರಿಗೆ ಅರ್ಥವಾಗ್ತಿರಲಿಲ್ಲ. ಪಾಲು ಆದಾಗ ಹೆಬ್ಬೆಟ್ಟು ಒತ್ತಿದ ಎಷ್ಟು ಹೆಣ್ಣುಮಕ್ಕಳು ಹೀಗೇ ಒತ್ತಿದ್ದಾರೋ!

1956ರ ಕಾಯಿದೆ ಬಂದು, 1958ರಿಂದ ಹಂತಹಂತವಾಗಿ ಕಿಲೋ, ಲೀಟರು, ಮೀಟರು ಬಂದ್ವು. ಅಂಗಡಿಯಲ್ಲಿ ಸೇರು ಹೋಯ್ತು. (ನಮ್ಮ ಮನೆ ಅಕ್ಕಿ ಡಬ್ಬದಲ್ಲಿ ಪಾವು ಇನ್ನೂ ಇದೆ ಬಿಡಿ.) ನೆಲಕ್ಕೆ ಮಾತ್ರ ಮೀಟರು ಬಾಯಿಗೆ ಹತ್ತಲೇ ಇಲ್ಲ. ಇಲ್ಲೇ ಪಕ್ಕದ ವಿಶ್ವೇಶ್ವರಯ್ಯ ಬಡಾವಣೆ ಬಿಡಿಎ ಮಾಡಿದ್ದು. ಬಿಡಿಎ ಲೆಕ್ಕದಲ್ಲಿ ನಾವು ತರ್ಟಿ-ಫಾರ್ಟಿ ಅನ್ನೋ ಸೈಟು 9 ಮೀಟರಿಗೆ 12 ಮೀಟರು. ಗುಣಿಸಿ ನೋಡಿ: 108 ಚದರ ಮೀಟರು, ಸುಮಾರು 1162 ಚದರ ಅಡಿ. ಬಾಯಿಮಾತಿನ 1200ಕ್ಕೂ ಅದಕ್ಕೂ 38 ಅಡಿ ವ್ಯತ್ಯಾಸ. ಮೋಸವೇನಲ್ಲ, ಪತ್ರದಲ್ಲಿ ಇರೋದು ಇದ್ದೇ ಇದೆ, ನಾವು ಕರೆಯೋ ಹೆಸರು ಬೇರೆ ಅಷ್ಟೆ.

ಮನೆ ಕಟ್ಟಿಸೋವಾಗ ಮೇಸ್ತ್ರಿ "ಎಷ್ಟು ಚದರ?" ಅಂತಾನೆ. ಅದು ಇಂಗ್ಲಿಷಿನ ಸ್ಕ್ವೇರ್, ಕಟ್ಟಡದವರ ಲೆಕ್ಕದಲ್ಲಿ ನೂರು ಚದರ ಅಡಿಗೆ ಒಂದು ಚದರ. ಹನ್ನೆರಡು ಚದರ ಅಂದ್ರೆ 1200 ಅಡಿ. ಹೊಸದಾಗಿ ಕೇಳೋರು ಚದರಕ್ಕೂ ಚದರ ಅಡಿಗೂ ಒಂದೇ ಅಂದ್ಕೋಬೇಡಿ, ನೂರು ಪಟ್ಟು ಫರಕು.

ಫ್ಲ್ಯಾಟಿನ ಮಾತು ಇನ್ನೂ ಜಾರು. ನನ್ನ ತಂಗಿ ಮಗಳು ನೋಡಿದ ಫ್ಲ್ಯಾಟಿಗೆ 1200 ಅಡಿ ಅಂದ್ರು. ಅದು ಸೂಪರ್ ಬಿಲ್ಟ್‌ಅಪ್. ಮೆಟ್ಟಿಲು, ಲಿಫ್ಟು, ಓಡಾಡೋ ಜಾಗದಲ್ಲಿ ಒಬ್ಬೊಬ್ಬರ ಪಾಲು ಸೇರಿಸಿದ ಲೆಕ್ಕ. ಕಾರ್ಪೆಟ್ ಏರಿಯಾ ಅಂದ್ರೆ ಮನೆ ಒಳಗೆ ಜಮಖಾನ ಹಾಸೋವಷ್ಟು ಜಾಗ ಅಂತಿಟ್ಕೊಳ್ಳಿ. 2016ರ ರೇರಾ ಕಾಯಿದೆ ಇದಕ್ಕೆ ಅರ್ಥ ಕಟ್ಟಿಟ್ಟಿದೆ: ಹೊರಗೋಡೆ, ಬಾಲ್ಕನಿ, ತೆರೆದ ತಾರಸಿ ಲೆಕ್ಕಕ್ಕಿಲ್ಲ, ಒಳಗಿನ ಅಡ್ಡಗೋಡೆ ಲೆಕ್ಕಕ್ಕಿದೆ. ಇದು ಎಷ್ಟು ಅಂತ ಮಾರೋರು ಹೇಳಲೇಬೇಕು. ಅವಳು ಕೇಳಿದ್ಲು, 840 ಅಂದ್ರು.

ಮುಂಗಡ ಕೊಡೋಕ್ಕೆ ಮುಂಚೆ ನಾನೂ ಅವಳೂ ನನ್ನ ಹೊಲಿಗೆ ಟೇಪು ತಗೊಂಡು ಹೋಗಿ ರೂಮು ರೂಮು ಅಳೆದ್ವಿ. ಒಂದು ಮಗ್ಗುಲಲ್ಲಿ ಇಂಚು, ಇನ್ನೊಂದು ಮಗ್ಗುಲಲ್ಲಿ ಸೆಂಟಿಮೀಟರು. ಅವಳು ಫೋನಲ್ಲಿ ಗುಣಿಸಿದ್ಲು, ನಾನು ಹಾಲಿನ ಚೀಟಿ ಹಿಂದೆ ಬರ್ಕೊಂಡೆ. 840 ಸರಿಯಾಗೇ ಇತ್ತು. 840ಕ್ಕೆ ಕೊಡೋ ಬೆಲೆಯೇ ಇದು ಅಂತ ಮಾತು ಶುರು ಮಾಡಿದ್ದು ಆಮೇಲೆ.