ಬಂಜರೆಂದು ಬರೆದ ನೆಲದ ಬೇಟೆಗಾರರು

ಕೋಲಾರ ಜಿಲ್ಲೆಯ ಕೆಜಿಎಫ್‌ನ ಚಿನ್ನದ ಶಿಲಾಪಟ್ಟಿಗೂ ಪಶ್ಚಿಮ ಆಸ್ಟ್ರೇಲಿಯದ ಕಲ್ಗೂರ್ಲಿ ಗಣಿಗಳ ಬಂಡೆಗೂ ವಯಸ್ಸು ಹೆಚ್ಚುಕಡಿಮೆ ಒಂದೇ, ಸುಮಾರು 270 ಕೋಟಿ ವರ್ಷ. ಅಲ್ಲಿನ ಒಣಸೀಮೆಯಲ್ಲಿ ಒಂದು ಕಾಲಕ್ಕೆ ಹೊಟ್ಟೆಚೀಲದ ಮಾಂಸಾಹಾರಿ ಕ್ವೋಲ್ ಬೇಟೆಯಾಡುತ್ತಿತ್ತು. ಈಗ ಅದು ಬಹುಮಟ್ಟಿಗೆ ಆ ರಾಜ್ಯದ ನೈರುತ್ಯ ಮೂಲೆಗೆ ಸರಿದಿದೆ. ಭಾರತದಲ್ಲಿ ಹೊಟ್ಟೆಚೀಲದ ಪ್ರಾಣಿಗಳಿಲ್ಲ. ಆ ಕಸುಬನ್ನು ನಮ್ಮ ಬಯಲುಸೀಮೆಯಲ್ಲಿ ನರಿ, ಕಾಡುಬೆಕ್ಕು, ಮುಂಗುಸಿ, ಪುನುಗುಬೆಕ್ಕು, ಅಪರೂಪಕ್ಕೆ ತೋಳ ನಡೆಸಿಕೊಂಡು ಬಂದಿವೆ.

ಇವುಗಳ ಅಧ್ಯಯನ ಶುರುವಾದದ್ದು ಪಟ್ಟಿಯಿಂದ. ಕರ್ನಲ್ ಸೈಕ್ಸ್ 1831ರಲ್ಲಿ ದಖ್ಖನಿನ ಸಸ್ತನಿಗಳ ಪಟ್ಟಿ ಪ್ರಕಟಿಸಿ ಇಲ್ಲಿನ ತೋಳಕ್ಕೆ ವೈಜ್ಞಾನಿಕ ಹೆಸರಿಟ್ಟ. 1867ರಲ್ಲಿ ಜೆರ್ಡನ್ನನ ಸಸ್ತನಿ ಗ್ರಂಥ ಬಂತು. 1911ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಸ್ತನಿ ಸಮೀಕ್ಷೆ ಕೈಗೊಂಡಾಗಲೂ ಕೆಲಸವೆಂದರೆ ಹಿಡಿದು, ಚರ್ಮ ಸುಲಿದು, ತಲೆಬುರುಡೆ ಅಳೆಯುವುದು. ಪ್ರಾಣಿ ಹೇಗೆ ಬದುಕುತ್ತದೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಅಷ್ಟರಲ್ಲಿ ಕೆಜಿಎಫ್‌ನ ನೆಲವೇ ಬದಲಾಗಿತ್ತು. 1880ರಲ್ಲಿ ಚಿನ್ನ ತೆಗೆಯಲು ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬರುವವರೆಗೆ ಗಣಿಯ ಯಂತ್ರಗಳು ಉಗಿಯ ಮೇಲೆಯೇ ನಡೆಯಬೇಕಿತ್ತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಉಳಿದದ್ದು ಸುಮಾರು 3.3 ಕೋಟಿ ಟನ್ ಪುಡಿಮಣ್ಣಿನ ಸೈನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಆ ಧೂಳು ಮನೆಯೊಳಗೂ ನುಗ್ಗುತ್ತದೆ. ಆದರೂ ಗಣಿಯ ಸುತ್ತಲಿನ ಬಯಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ವರ್ಷಕ್ಕೆ 700 ಮಿ.ಮೀ. ಆಸುಪಾಸಿನ ಮಳೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನದು. ಹುಲ್ಲು, ಕಾರೆ, ಬಂದರಿಕೆ, ಎಲಚಿ ಪೊದೆಗೆ ಇಷ್ಟು ಸಾಕು.

ಪ್ರಾಣಿಗಳ ಅಧ್ಯಯನಕ್ಕೆ ನಿಜವಾದ ತಿರುವು 1970ರ ದಶಕದ ಕೊನೆಗೆ ಬಂತು. ಎ.ಜೆ.ಟಿ. ಜಾನ್‌ಸಿಂಗ್ 1978ರಲ್ಲಿ ಬಯಲು ನರಿಯ ಜೀವನಕ್ರಮದ ಬಗ್ಗೆ ಬರೆದರು. ಈ ಬಗೆಯ ಅಧ್ಯಯನಕ್ಕೆ ಬಂದೂಕು ಬೇಕಿಲ್ಲ, ಹಿಕ್ಕೆ ಸಾಕು. ಒಣಗಿದ ಹಿಕ್ಕೆಯನ್ನು ನೆನೆಸಿ ಸೋಸಿದರೆ ಇಲಿಯ ಕೂದಲು, ದುಂಬಿಯ ರೆಕ್ಕೆಯ ಚೂರು, ಎಲಚಿ ಬೀಜ ಬೇರೆಬೇರೆಯಾಗಿ ಉಳಿಯುತ್ತವೆ. ಮಾಂಸಾಹಾರಿ ಎನ್ನಿಸಿಕೊಂಡ ನರಿ ಹಣ್ಣಿನ ಕಾಲದಲ್ಲಿ ಪೊದೆಯ ಬುಡದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಬೀಜವನ್ನೂ ಹರಡುತ್ತದೆ.

1990ರ ದಶಕದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್‌ನಿಂದ ಹುಲಿ ಎಣಿಸಿದ ಮೇಲೆ ಹಣ, ಗಮನ ಎರಡೂ ದಟ್ಟ ಕಾಡಿನ ಕಡೆ ಹರಿದವು. ಹುಲಿಗೆ ಸಿಕ್ಕಿದ್ದು ತಪ್ಪಲ್ಲ. ನರಿಗೆ ಏನೂ ಸಿಗದಿದ್ದದ್ದು ತಪ್ಪು. ಎಚ್.ಎನ್. ಕುಮಾರ ಮತ್ತು ಮೇವಾ ಸಿಂಗ್ 2007ರಲ್ಲಿ ಕರ್ನಾಟಕದ ಸಣ್ಣ ಮಾಂಸಾಹಾರಿಗಳು ಎಲ್ಲೆಲ್ಲಿ ಕಂಡವೆಂದು ಒಟ್ಟುಗೂಡಿಸಿ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದರು. ಸೊಲ್ಲಾಪುರದ ನಾನ್ನಜ್‌ನಲ್ಲಿ ಅಬಿ ವಣಕ್ ನರಿಗಳಿಗೆ ರೇಡಿಯೊ ಕಾಲರ್ ಹಾಕಿ ನೋಡಿದಾಗ ಅವು ಹುಲ್ಲುಗಾವಲನ್ನೇ ಆರಿಸಿಕೊಳ್ಳುವುದು, ಊರನ್ನೂ ನೆಡುತೋಪನ್ನೂ ದೂರವಿಡುವುದು, ಬೀದಿನಾಯಿ ಸುಳಿದರೆ ತಿನ್ನುವುದನ್ನು ಕಡಿಮೆ ಮಾಡುವುದು ಗೊತ್ತಾಯಿತು.

ಕೋಲಾರ ಜಿಲ್ಲೆಗೆ ಇದಕ್ಕಿಂತ ನೇರವಾದ ಮಾತು ಇನ್ನೊಂದಿಲ್ಲ. ಸರ್ಕಾರಿ ನಕ್ಷೆಗಳು ಕುರುಚಲು ನೆಲವನ್ನು ಬಂಜರು ಎಂದು ಗುರುತಿಸುತ್ತವೆ. ಬಂಜರೆಂದ ಮೇಲೆ ಹಸಿರು ಮಾಡಲೇಬೇಕು. 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಹಬ್ಬಿದ್ದು ಹೀಗೆ. ಅದು ಅಂತರ್ಜಲ ಕುಡಿಯಿತೆಂದು ರೈತರು ದೂರಿದರು, ಸರ್ಕಾರಕ್ಕೂ ಕೇಳಿಸಿತು. ಬಯಲಿನ ಪ್ರಾಣಿಗಳ ಪರವಾಗಿ ಯಾರೂ ದೂರು ಕೊಡಲಿಲ್ಲ.

ಕೊಪ್ಪಳದ ಬಂಕಾಪುರದಲ್ಲಿ ಈಗ ತೋಳಕ್ಕೆಂದೇ ಒಂದು ಧಾಮವಿದೆ, 332 ಹೆಕ್ಟೇರಿನದು. ಇತ್ತ ಕೆಜಿಎಫ್‌ನ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಊರಿಗೆ ಕೆಲಸ ಬೇಕು, ತಕರಾರಿಲ್ಲ. ಬುಲ್ಡೋಜರ್ ಇಳಿಯುವ ಮೊದಲು ಬಂಗಾರಪೇಟೆಯ ಬಯಲಿನವರೆಗೂ ಒಂದು ಮಳೆಗಾಲ, ಒಂದು ಬೇಸಿಗೆ ಬಿಲ, ಹೆಜ್ಜೆ, ಹಿಕ್ಕೆಗಳ ಲೆಕ್ಕ ತೆಗೆಯಲಿ. ಸ್ಥಳೀಯ ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸ ಅದು.