ಪರದೇಶದ ಪುಟ್ಟ ಕಾರುಗಳೂ ನಮ್ಮ ಘಟ್ಟದ ದಾರಿಯೂ

ಕೊಳ್ಳೇಗಾಲವನ್ನು ಬಿಟ್ಟು ಹನೂರು, ಕೌದಳ್ಳಿಗಳನ್ನು ಹಾದು ತಾಳಬೆಟ್ಟದ ಬುಡಕ್ಕೆ ಬಂದು ನಿಂತಾಗ, ಅಲ್ಲಿಂದ ಮುಂದೆ ಮಲೆ ಮಹದೇಶ್ವರನ ಸನ್ನಿಧಿಯವರೆಗೆ ಏರುತ್ತ, ತಿರುಗುತ್ತ, ಮತ್ತೆ ಇಳಿಯುತ್ತ ಸಾಗುವ ಘಟ್ಟದ ದಾರಿಯು ಯಾವ ವಾಹನದ ಗುಣದೋಷಗಳನ್ನಾದರೂ ಒಂದು ಗಂಟೆಯೊಳಗಾಗಿ ಒರೆಗೆ ಹಚ್ಚಿ ತೋರಿಸಿಬಿಡುತ್ತದೆ. ಯಳಂದೂರಿನಿಂದ ಗುಂಬಳ್ಳಿಯ ಮೂಲಕ ಬಿಳಿಗಿರಿರಂಗನ ಬೆಟ್ಟವನ್ನೇರುವ ರಸ್ತೆಯೂ ಪರೀಕ್ಷೆಯಲ್ಲಿ ಇದಕ್ಕೆ ಕಡಿಮೆಯಾದುದಲ್ಲ. ಈ ಎರಡು ಏರುಗಳ ಸೀಮೆಯಲ್ಲಿರುವ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು ರೇಷ್ಮೆಗೂ ಜಾತ್ರೆಗಳಿಗೂ ಹೆಸರಾದವುಗಳೇ ಹೊರತು ಮೋಟಾರು ವಿಲಾಸಕ್ಕೆ ಹೆಸರಾದವುಗಳಲ್ಲ. ಆದರೂ, ಯೂರೋಪಿನ ಹ್ಯಾಚ್‌ಬ್ಯಾಕ್ ಕಾರುಗಳನ್ನು ಪೋಷಿಸಿ, ತಿದ್ದಿ, ತನ್ನ ಇಚ್ಛೆಗೆ ಒಗ್ಗಿಸಿಕೊಳ್ಳುವ ಹವ್ಯಾಸವು ನಡೆದುಬಂದ ದಾರಿಯನ್ನು ಸಮೀಕ್ಷಿಸಹೊರಟವನಿಗೆ ಈ ಭೂಭಾಗಕ್ಕಿಂತ ಉತ್ತಮವಾದ ನಿಕಷವು ದೊರೆಯಲಾರದು. ಏಕೆಂದರೆ ಇಂತಹ ಕಾರು ಕೆಟ್ಟು ನಿಂತರೆ ಮೈಸೂರಿನ ಕಡೆಗೋ ಬೆಂಗಳೂರಿನ ಕಡೆಗೋ ಮುಖಮಾಡಬೇಕಾದ ನೆಲದಲ್ಲಿ, ಅದರ ಒಡೆಯನು ಅದರ ಅಂತರಂಗವನ್ನು ಅರಿಯದೆ ಬಹುಕಾಲ ಅದನ್ನು ಇಟ್ಟುಕೊಳ್ಳಲಾರನು.

ಹಿಂಬದಿಯ ಗಾಜೂ ಡಿಕ್ಕಿಯ ಮುಚ್ಚಳವೂ ಒಂದೇ ಬಾಗಿಲಾಗಿ ಮೇಲಕ್ಕೆ ತೆರೆದುಕೊಳ್ಳುವ ಪುಟ್ಟ ಕಾರೇ ಹ್ಯಾಚ್‌ಬ್ಯಾಕ್. ಅದರ ವಿನ್ಯಾಸದ ಮೂಲಸೂತ್ರಗಳು ಒಬ್ಬನ ಪ್ರತಿಭೆಯಿಂದ ಒಮ್ಮೆಗೇ ಉದಿಸಿದವಲ್ಲ. 1959ರಲ್ಲಿ ಅಲೆಕ್ ಇಸಿಗೋನಿಸ್ ಬ್ರಿಟನ್ನಿನ ಮಿನಿ ಕಾರಿನಲ್ಲಿ ಎಂಜಿನ್ನನ್ನು ಅಡ್ಡಲಾಗಿರಿಸಿ, ಮುಂದಿನ ಚಕ್ರಗಳಿಗೇ ಚಾಲನೆಯನ್ನಿತ್ತು, ಕಾರಿನ ಉದ್ದದಲ್ಲಿ ಬಹುಭಾಗವನ್ನು ಜನರಿಗಾಗಿಯೇ ಉಳಿಸಿದನು. 1964ರಲ್ಲಿ ಇಟಲಿಯ ದಾಂತೆ ಜಿಯಕೋಸಾ ಆಟೋಬಿಯಾಂಕಿ ಪ್ರಿಮುಲಾ ಎಂಬ ಕಾರಿನಲ್ಲಿ ಗೇರುಪೆಟ್ಟಿಗೆಯನ್ನು ಎಂಜಿನ್ನಿನ ತುದಿಗೆ ಸಾಲಾಗಿ ಜೋಡಿಸಿದನು. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಪುಟ್ಟ ಕಾರುಗಳಲ್ಲಿ ಹೆಚ್ಚಿನವು ಅನುಸರಿಸುವುದು ಆ ಕ್ರಮವನ್ನೇ. 1974ರಲ್ಲಿ ಜ್ಯೋರ್ಜೆಟ್ಟೊ ಜುಜಾರೋ ರೂಪಿಸಿದ ಫೋಕ್ಸ್‌ವ್ಯಾಗನ್ ಗಾಲ್ಫ್ ಈ ಜಾತಿಗೆ ಜಗತ್ಪ್ರಸಿದ್ಧಿಯನ್ನು ತಂದಿತು.

ಇಂತಹ ಕಾರನ್ನು ತಿದ್ದುವ ಚಪಲವು ಅದರ ಜನ್ಮದೊಂದಿಗೇ ಹುಟ್ಟಿತೆನ್ನಬೇಕು. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರನ ಕೈಚಳಕದಿಂದ 1961ರಲ್ಲಿ ಮಿನಿ ಕೂಪರ್ ಹೊರಬಂದು, 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ತನಗಿಂತ ಬಹು ಬಲಿಷ್ಠವಾದ ಕಾರುಗಳನ್ನು ಹಿಂದಿಕ್ಕಿತು. 110 ಅಶ್ವಶಕ್ತಿಯ ಗಾಲ್ಫ್ ಜಿಟಿಐ 1976ರಲ್ಲಿ ಮಾರಾಟಕ್ಕೆ ಬಂದಾಗ ತಯಾರಕರು ಎಣಿಸಿದ್ದುದು ಕೇವಲ 5000 ಕಾರುಗಳನ್ನು. ಆದರೆ ಅದನ್ನು ಮೊದಲು ಕಲ್ಪಿಸಿದವರು, ಮೇಲಿನವರ ಆದೇಶವಿಲ್ಲದೆಯೇ, ಬಿಡುವಿನ ವೇಳೆಯಲ್ಲಿ, ಕೇವಲ ಆಸಕ್ತಿಯಿಂದ ಕೂಡಿಕೊಂಡ ಕೆಲವು ಎಂಜಿನಿಯರುಗಳೆಂಬುದನ್ನು ನೆನೆದರೆ, ಹವ್ಯಾಸಿಯ ಮನೋಧರ್ಮವು ಕಾರ್ಖಾನೆಯ ಒಳಗೂ ಹೊರಗೂ ಒಂದೇ ಎಂಬುದು ಸ್ಪಷ್ಟವಾಗುತ್ತದೆ.

ನಮ್ಮ ದೇಶದಲ್ಲಿ ಈ ಕಥೆಯು ವಿಳಂಬವಾಗಿ ಆರಂಭವಾಯಿತು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿದ್ದ, ಮುಂದೆ ಪದ್ಮಿನಿಯೆಂದು ಹೆಸರಾದ ಫಿಯೆಟ್ 1100 ಕಾರಿಗೆ ಪ್ರತ್ಯೇಕವಾದ ಡಿಕ್ಕಿಯಿದ್ದಿತು. ಅದು ಹ್ಯಾಚ್‌ಬ್ಯಾಕ್ ಆಗಿರಲಿಲ್ಲ. ಆದರೂ ಯೂರೋಪಿನ ಸಣ್ಣ ಎಂಜಿನ್ನಿನ ಸ್ವಭಾವವನ್ನು ನಮ್ಮ ಮೇಸ್ತ್ರಿಗಳಿಗೆ ಕಲಿಸಿಕೊಟ್ಟ ಗುರುಗಳಲ್ಲಿ ಅದಕ್ಕೆ ಅಗ್ರಸ್ಥಾನ ಸಲ್ಲಬೇಕು. ಕಾರ್ಬುರೇಟರಿನ ಜೆಟ್ಟನ್ನು ತೊಳೆಯುವುದು, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಅಂತರವನ್ನು ಸರಿಪಡಿಸುವುದು, ಸವೆದ ಸಿಲಿಂಡರನ್ನು ರೀಬೋರ್ ಮಾಡಿಸುವುದು ಇವೆಲ್ಲವೂ ಕಣ್ಣಿಗೆ ಕಾಣುವ, ಕೈಗೆ ಎಟಕುವ ವಿದ್ಯೆಗಳಾಗಿದ್ದವು. ಇಲ್ಲೊಂದು ಪ್ರಾದೇಶಿಕ ವಿಶೇಷವನ್ನು ಮರೆಯಲಾಗದು. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು, ಅಂದು ಅದರೊಳಗೇ ಇದ್ದ ಹನೂರಿನ ಸಮೇತ, ಮದರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರಾದರೋ ಮೈಸೂರಿನದು. ಆದುದರಿಂದ ಲೇತುಗಳಿಗೂ ಪಂಪುಗಳಿಗೂ ಪ್ರಖ್ಯಾತವಾದ ಕೊಯಮತ್ತೂರು ಒಂದು ಕಡೆ, ಮೈಸೂರು ಬೆಂಗಳೂರುಗಳು ಇನ್ನೊಂದು ಕಡೆ, ಹೀಗೆ ಎರಡು ಯಂತ್ರವಿದ್ಯಾ ಪರಂಪರೆಗಳ ನಡುವಿನ ನೆಲ ಇದು.

ಕನ್ನಡ ನಾಡಿನ ಮಟ್ಟಿಗೆ ಯೂರೋಪಿನ ಪುಟ್ಟ ಕಾರಿನ ಕಥೆಯಲ್ಲಿ ಅತ್ಯಂತ ಸ್ವಾರಸ್ಯವಾದ ಅಧ್ಯಾಯವು ಬೆಂಗಳೂರಿನದು. ಬಾದಲ್ ಎಂಬ ಮೂರು ಚಕ್ರದ ವಾಹನದಿಂದ ಮೊದಲುಮಾಡಿದ ಸಿಪಾನಿ ಸಂಸ್ಥೆಯು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ವಿನ್ಯಾಸವನ್ನು ತಂದು, 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಎಂಜಿನ್ನು 848 ಸಿಸಿಯದು, ಮೈಯೆಲ್ಲ ಫೈಬರ್‌ಗ್ಲಾಸ್. ತುಕ್ಕು ಹಿಡಿಯದ, ತೂಕವೂ ಇಲ್ಲದ ಈ ಕಾರನ್ನು ಗೃಹಸ್ಥರಿಗಿಂತ ಪಂದ್ಯಪ್ರಿಯರೇ ಹೆಚ್ಚಾಗಿ ಮೆಚ್ಚಿದರು. ತೂಕವನ್ನು ಇಳಿಸುವುದು ಶಕ್ತಿಯನ್ನು ಏರಿಸುವುದಕ್ಕೆ ಸಮಾನವೆಂಬ ತತ್ತ್ವವನ್ನು ಅದು ರ‍್ಯಾಲಿಯ ಮಣ್ಣುದಾರಿಗಳಲ್ಲಿ ಪ್ರಮಾಣೀಕರಿಸಿತು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದುದೇ ತಡ, ಅಗ್ಗದ ನಂಬಿಕಸ್ತ ಕಾರನ್ನು ಬಯಸಿದ ಜನ ಅತ್ತ ತಿರುಗಿದರು. ವ್ಯಾಪಾರದಲ್ಲಿ ಸೋತರೂ ನಮ್ಮ ನಾಡಿನಲ್ಲೇ ಜೋಡಣೆಗೊಂಡ ಒಂದು ಬ್ರಿಟಿಷ್ ವಿನ್ಯಾಸವು ಹವ್ಯಾಸಿಗಳ ಕೈಯಲ್ಲಿ ಸಾರ್ಥಕ್ಯವನ್ನು ಪಡೆಯಿತೆಂಬುದು ಸಣ್ಣ ಮಾತಲ್ಲ.

ಆರ್ಥಿಕ ಉದಾರೀಕರಣದ ಬಳಿಕ ಪ್ರವಾಹದ ಬಾಗಿಲು ತೆರೆಯಿತು. ತೊಂಬತ್ತರ ದಶಕದಲ್ಲಿ ಪ್ಯೂಜೊ 309, 1996ರಲ್ಲಿ ಫಿಯೆಟ್ ಯುನೊ, 2001ರಲ್ಲಿ ಪಾಲಿಯೊ ಒಂದಾದ ಮೇಲೊಂದು ಬಂದವು. ಇವುಗಳಲ್ಲಿ 1.6 ಲೀಟರಿನ ಪಾಲಿಯೊ ಹವ್ಯಾಸಿಗಳಿಗೆ ವಿಶೇಷ ಪ್ರೀತಿಪಾತ್ರವಾಯಿತು. ಅದರ ಗಟ್ಟಿಯಾದ ಮೈಕಟ್ಟು, ಕೈಗೆ ತೂಕವೆನಿಸುವ ಸ್ಟಿಯರಿಂಗು, ನೂರು ಅಶ್ವಶಕ್ತಿಯ ಎಂಜಿನ್ನು ಇಂದಿಗೂ ಅದನ್ನು ಓಡಿಸಿದವರ ನೆನಪಿನಿಂದ ಮಾಸಿಲ್ಲ. ಆದರೆ ಈ ಕಾರುಗಳು ಬಂದಷ್ಟೇ ಬೇಗನೆ ಮರೆಯಾದವು. ಬಿಡಿಭಾಗಗಳಿಗಾಗಿ ಒಡೆಯರು ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಶೋಧಿಸುವ ಕಾಲ ಬಂದಿತು. ಹವ್ಯಾಸದ ಇತಿಹಾಸದಲ್ಲಿ ಇದನ್ನು ಮಹತ್ತ್ವದ ತಿರುವೆಂದು ನಾನು ಭಾವಿಸುತ್ತೇನೆ. ಅದುವರೆಗೆ ವೇಗವನ್ನು ಹೆಚ್ಚಿಸುವುದೇ ಗುರಿಯಾಗಿದ್ದವನಿಗೆ, ಇದ್ದುದನ್ನು ಇದ್ದಂತೆ ಉಳಿಸಿಕೊಳ್ಳುವುದೇ ಒಂದು ಸಾಹಸವಾಗಿ ಪರಿಣಮಿಸಿತು. ಇದೇ ಕಾಲದ ಇನ್ನೊಂದು ವಿದ್ಯಮಾನ ಮಾತ್ರ ಹಳ್ಳಿಗಾಡಿನವರ ಪಾಲಿಗೆ ವರವಾಯಿತು: ಫಿಯೆಟ್ಟಿನ 1.3 ಲೀಟರಿನ ಮಲ್ಟಿಜೆಟ್ ಡೀಸೆಲ್ ಎಂಜಿನ್ನು ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ತಾಗಳಲ್ಲಿಯೂ ನೆಲೆಗೊಂಡುದರಿಂದ, 2009ರ ಪುಂಟೊ ಕಾರನ್ನು ಕೊಂಡವನಿಗೆ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲಿಯೇ ಅದರ ಹೃದಯವನ್ನು ಬಲ್ಲ ವೈದ್ಯನು ದೊರೆಯುವಂತಾಯಿತು.

2010ರಲ್ಲಿ ಮಾರುಕಟ್ಟೆಗೆ ಬಂದ ಫೋಕ್ಸ್‌ವ್ಯಾಗನ್ ಪೋಲೊದೊಂದಿಗೆ ಸ್ಪ್ಯಾನರ್ ಹಿಡಿದ ಕೈಯೇ ಗಣಕದ ಕೇಬಲ್ಲನ್ನೂ ಹಿಡಿಯಬೇಕಾದ ಯುಗವು ಪ್ರಾರಂಭವಾಯಿತು. 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್ಐ, 105 ಅಶ್ವಶಕ್ತಿಯ ಟರ್ಬೊ ಪೆಟ್ರೋಲ್ ಎಂಜಿನ್ನನ್ನೂ ಏಳು ಗೇರುಗಳ ಜೋಡಿಕ್ಲಚ್ಚಿನ ಡಿಎಸ್‌ಜಿ ಪೆಟ್ಟಿಗೆಯನ್ನೂ ಮಧ್ಯಮವರ್ಗದ ಮನೆಯಂಗಳಕ್ಕೆ ತಂದಿತು. 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2016ರಲ್ಲಿ 192 ಅಶ್ವಶಕ್ತಿಯ ಪೋಲೊ ಜಿಟಿಐ ಹಿಂಬಾಲಿಸಿದವು. ಇಂತಹ ಎಂಜಿನ್ನಿಗೆ ಎಷ್ಟು ಇಂಧನ, ಎಷ್ಟು ಗಾಳಿಯೊತ್ತಡ, ಯಾವ ಕ್ಷಣದಲ್ಲಿ ಕಿಡಿ ಎಂಬುದನ್ನೆಲ್ಲ ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಗಣಕ. ಅದರೊಳಗಿನ ಕೋಷ್ಟಕಗಳನ್ನು ತಿದ್ದಿ ಬರೆಯುವ ರೀಮ್ಯಾಪ್ ವಿದ್ಯೆಯು ಒಂದು ಬೋಲ್ಟನ್ನೂ ಸಡಿಲಿಸದೆ ಕಾರಿನ ಸ್ವಭಾವವನ್ನೇ ಬದಲಿಸಬಲ್ಲುದು. ಇಲ್ಲಿ ವಿವೇಕವೂ ಅಷ್ಟೇ ಅಗತ್ಯ. ನಮ್ಮ ಬಂಕುಗಳ ಸಾಧಾರಣ ಪೆಟ್ರೋಲು ಬಹುಕಾಲ 91 ಆಕ್ಟೇನಿನದಾಗಿದ್ದು, ಯೂರೋಪಿನ ಸಾಮಾನ್ಯ ಮಟ್ಟವಾದ 95ನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೋಷ್ಟಕವನ್ನು ಇಲ್ಲಿ ಹಾಗೆಯೇ ಹೊಂದಿಸಿದರೆ, ಬೇಸಗೆಯ ಏರುದಾರಿಯಲ್ಲಿ ಇಂಧನವು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನನ್ನೇ ನುಂಗೀತು.

ರೂಪದ ತಿದ್ದುಪಡಿಗಳಿಗೆ ಬಂದರೆ ನಮ್ಮ ಸೀಮೆಯ ರಸ್ತೆಗಳೇ ನ್ಯಾಯಾಧೀಶರು. ಗಿಡ್ಡನೆಯ ಸ್ಪ್ರಿಂಗುಗಳನ್ನು ಹಾಕಿ ಕಾರನ್ನು ನೆಲಕ್ಕೆ ಹತ್ತಿರವಾಗಿಸುವುದರಿಂದ ತಿರುವಿನಲ್ಲಿ ಅದರ ಸ್ಥಿರತೆ ಹೆಚ್ಚುವುದು ನಿಜ. ಆದರೆ ಊರಿಗೆ ನಾಲ್ಕರಂತೆ ಎದ್ದಿರುವ ಹಂಪುಗಳಿಗೆ ಅಂತಹ ಕಾರಿನ ಹೊಟ್ಟೆ ತಗುಲದಿರಲಾರದು. ಸುಗ್ಗಿಯ ದಿನಗಳಲ್ಲಿ ರೈತರು ಹುರುಳಿಯನ್ನೋ ರಾಗಿಯನ್ನೋ ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿರುವಾಗ, ಆ ಹುಲ್ಲು ಚಕ್ರದ ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರಿನ ಕಾವಿಗೆ ಹೊತ್ತಿಕೊಳ್ಳುವ ಅಪಾಯವು ತಗ್ಗಿಸಿದ ಕಾರಿಗೆ ಇಮ್ಮಡಿ. ಆದುದರಿಂದ ಇಲ್ಲಿ ಬಾಳಿಕೆಗೆ ಬರುವ ಮಾರ್ಪಾಡುಗಳು ಕಣ್ಣಿಗೆ ಬೀಳದಂತಹವು: ಒಳ್ಳೆಯ ಟಯರು, ಎಂಜಿನ್ನಿನ ಕೆಳಗೊಂದು ಲೋಹದ ತಟ್ಟೆ, ಹೊಸ ಬುಷ್ಷುಗಳು, ಅಳತೆ ತಪ್ಪದ ಅಲೈನ್‌ಮೆಂಟು.

ಈ ಸತ್ಯವನ್ನು ನಾನು ಅರಿತುದು ಗ್ರಂಥಗಳಿಂದಲ್ಲ. ಹಲವು ವರ್ಷಗಳ ಹಿಂದೆ ಮಹದೇಶ್ವರನ ಬೆಟ್ಟದಿಂದ ತಾಳಬೆಟ್ಟದ ಕಡೆಗೆ ಇಳಿಯುತ್ತಿದ್ದಾಗ, ನನ್ನ ಹಳೆಯ ಕಾರಿನ ಬ್ರೇಕ್ ಪೆಡಲು ಪಾದದಡಿಯಲ್ಲಿ ಹತ್ತಿಯಂತೆ ಮೆತ್ತಗಾಗಿ ಕುಸಿಯತೊಡಗಿತು. ಎರಡನೆಯ ಗೇರಿಗಿಳಿಸಿ, ಎಂಜಿನ್ನಿನ ಹಿಡಿತದಿಂದಲೇ ವೇಗವನ್ನು ತಡೆದು, ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿದಾಗ ಕೈಗಳೆರಡೂ ನಡುಗುತ್ತಿದ್ದವು. ಅದಕ್ಕೆ ಸ್ವಲ್ಪ ಮೊದಲು ನಾನು ಹೊಳೆಯುವ ಅಲಾಯ್ ಚಕ್ರಗಳಿಗಾಗಿ ಹಣವನ್ನು ವ್ಯಯಿಸಿದ್ದೆನು. ಬ್ರೇಕ್ ಆಯಿಲನ್ನು ಮಾತ್ರ ವರ್ಷಗಳಿಂದ ಬದಲಿಸಿರಲಿಲ್ಲ. ಆ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಂಟು. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಶಾಖದವರೆಗೆ ಕುದಿಯದು. ತೇವಾಂಶ ಸೇರಿದ ಮೇಲೆ ಆ ಮಿತಿ 155ರವರೆಗೆ ಇಳಿಯಬಹುದು. ಕುದಿದ ದ್ರವದಲ್ಲೆದ್ದ ಆವಿಯನ್ನು ಪೆಡಲು ಒತ್ತಬಲ್ಲುದೇ ಹೊರತು ಆ ಒತ್ತು ಚಕ್ರವನ್ನು ಮುಟ್ಟಲಾರದು. ಜಾತ್ರೆಯ ದಿನ ಆಮೆವೇಗದ ಸಾಲಿನಲ್ಲಿ ಘಟ್ಟವನ್ನೇರುವಾಗ ಡಿಎಸ್‌ಜಿಯ ಒಣಕ್ಲಚ್ಚು ಕಾಯುವುದೂ, ಕೊಳವೆಬಾವಿಯ ಗಡಸುನೀರನ್ನು ತುಂಬಿಸಿದ ರೇಡಿಯೇಟರು ಒಳಗೊಳಗೇ ಸುಣ್ಣಗಟ್ಟುವುದೂ ಇದೇ ಬಗೆಯ ಪಾಠಗಳು.

ಕಾನೂನಿನ ದೃಷ್ಟಿಯೂ ಕಾಲಕ್ರಮದಲ್ಲಿ ಕಠಿಣವಾಗುತ್ತ ಬಂದಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಿರ್ದಿಷ್ಟಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ಆ ಕಾಯಿದೆಗೆ ಬಂದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ದಂಡವನ್ನೋ ಸೆರೆವಾಸವನ್ನೋ ಎರಡನ್ನೂ ಒಟ್ಟಿಗೋ ವಿಧಿಸಲು ಅವಕಾಶವಿತ್ತಿತು. ಕಾರಿನ ಬಣ್ಣವನ್ನು ಬದಲಿಸುವವನು ಕೆಎ-10 ಸಂಕೇತದ ನಮ್ಮ ಸಾರಿಗೆ ಕಛೇರಿಯಲ್ಲಿ ಅನುಮತಿ ಪಡೆದು ನೋಂದಣಿ ಪತ್ರದಲ್ಲಿ ಅದನ್ನು ದಾಖಲಿಸಲೇಬೇಕು. ಕಿವಿಗಡಚಿಕ್ಕುವ ಸೈಲೆನ್ಸರನ್ನು ಹಾಕಿಸಿಕೊಂಡು ರಾತ್ರಿಯ ಕಾಡುದಾರಿಯಲ್ಲಿ ಹೋಗುವವನು ಕಾನೂನಿಗೆ ಮಾತ್ರವಲ್ಲ, ಆ ಕಾಡಿನ ಮೃಗಗಳಿಗೂ ದ್ರೋಹ ಬಗೆಯುತ್ತಾನೆ. ನಿಷೇಧವು ಹವ್ಯಾಸವನ್ನು ಕೊಂದಿತೆಂದು ಕೊರಗುವವರುಂಟು. ಅದು ಹವ್ಯಾಸವನ್ನು ಅದರ ನಿಜವಾದ ಕ್ಷೇತ್ರಕ್ಕೆ, ಎಂದರೆ ಪಾಲನೆಯ ಕಡೆಗೆ, ತಿರುಗಿಸಿತೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಪಾಲನೆಯ ಕಾಲ ಬಂದೊದಗಿದೆ. ಫಿಯೆಟ್ 2019ರಲ್ಲಿ ನಮ್ಮಲ್ಲಿ ಕಾರುಗಳ ಮಾರಾಟವನ್ನು ಮುಗಿಸಿತು. 2022ರಲ್ಲಿ ಪೋಲೊದ ತಯಾರಿಕೆಯೂ ಇಲ್ಲಿ ನಿಂತಿತು. ಉಳಿದಿರುವ ಕಾರುಗಳ ಸಂಖ್ಯೆ ಇನ್ನು ಇಳಿಯುವುದೇ ಹೊರತು ಏರದು. ಜೊತೆಗೆ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಈಗ ಎಲ್ಲೆಡೆಯೂ ಬಂದಿರುವುದರಿಂದ, ಅದಕ್ಕಾಗಿ ರಚಿತವಾಗಿರದ ಹಳೆಯ ಕಾರುಗಳ ರಬ್ಬರು ಪೈಪುಗಳನ್ನೂ ಸೀಲುಗಳನ್ನೂ ಆಗಾಗ ಪರೀಕ್ಷಿಸುವುದು ಒಡೆಯನ ಹೊಸ ಕರ್ತವ್ಯವಾಗಿದೆ. ಇಂತಹ ವಿದ್ಯೆಯು ನಮ್ಮ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ ಕನ್ನಡದಲ್ಲಿಯೇ ಹರಿಯುತ್ತಿದ್ದರೂ ಬರಹದಲ್ಲಿ ನಿಂತಿರುವುದು ಅತ್ಯಲ್ಪ. ಮೇಸ್ತ್ರಿಯೊಬ್ಬನು ಕಣ್ಮುಚ್ಚಿದಾಗ ಅವನ ಅನುಭವವೂ ಅವನೊಡನೆ ಹೋಗಿಬಿಡುತ್ತದೆ.

ಇದಕ್ಕೆ ನಾನು ಕಂಡುಕೊಂಡಿರುವ ಪರಿಹಾರವು ಬಹಳ ಚಿಕ್ಕದು. ಘಟ್ಟದ ಆ ದಿನದಿಂದ ಈಚೆಗೆ ಕಾರಿನ ಪೆಟ್ಟಿಗೆಯಲ್ಲಿ ಒಂದು ನೋಟ್ ಪುಸ್ತಕವನ್ನಿಟ್ಟಿದ್ದೇನೆ. ಯಾವ ದಿನ ಯಾವ ಆಯಿಲು ಬದಲಾಯಿತು, ಯಾವ ಬುಷ್ಷು ಎಷ್ಟು ಸಾವಿರ ಕಿಲೋಮೀಟರು ಬಾಳಿತು, ಯಾವ ಶಬ್ದಕ್ಕೆ ಯಾವ ಕಾರಣವು ಹೊರಬಿದ್ದಿತು, ಇವೆಲ್ಲವನ್ನೂ ಅದರಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಮೇಸ್ತ್ರಿಯ ಮಾತನ್ನು ಅವನ ಮಾತಿನಲ್ಲಿಯೇ ಗುರುತುಹಾಕಿಕೊಂಡಿದ್ದೇನೆ. ಎಂದಾದರೊಂದು ದಿನ ಈ ಕಾರನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಾಗಿ ಬಂದರೆ ಬೀಗದ ಕೈಯೊಂದಿಗೆ ಆ ಪುಸ್ತಕವನ್ನೂ ಕೊಡುತ್ತೇನೆ. ಅದರ ಮೊದಲನೆಯ ಪುಟದಲ್ಲಿರುವುದು ಬ್ರೇಕ್ ಆಯಿಲನ್ನು ಬದಲಿಸಿದ ದಿನಾಂಕ.