ನಾರುಹುಳುವಿನ ಗುರುತು

ಜೋಯಿಡಾ, ದಾಂಡೇಲಿಯ ಕಾಡಿನಲ್ಲಿ ಕಾಳಿ ಹರಿಯುತ್ತಾಳೆ. ಹಳಿಯಾಳ, ಮುಂಡಗೋಡಕ್ಕೆ ಬಂದರೆ ಕೆರೆಗಳು ಶುರುವಾಗುತ್ತವೆ. ಅಲ್ಲಿಂದ ಮೂಡಲಿಗೆ ಸರಿದಂತೆ ಮಳೆ ಇಳಿದು, ಬಯಲುಸೀಮೆಯಲ್ಲಿ ಹಿಂದೆ ಎಷ್ಟೋ ಊರುಗಳಿಗೆ ನಿಂತ ನೀರೇ ಕುಡಿಯುವ ನೀರಾಗಿತ್ತು. ನಾರುಹುಣ್ಣು ಈ ನಿಂತ ನೀರಿನ ರೋಗ. ಹರಿಯುವ ಹೊಳೆಯಲ್ಲಿ ಅದು ಬೇರೂರುವುದಿಲ್ಲ. ಜನ ಕಾಲಿಟ್ಟು ಇಳಿದು ಕೊಡ ತುಂಬುವ ಮೆಟ್ಟಿಲುಬಾವಿ, ಹೊಂಡಗಳಲ್ಲಿ ಬೇರೂರುತ್ತದೆ. ನೀರು ಕುಡಿದು ಸುಮಾರು ಒಂದು ವರ್ಷದ ಮೇಲೆ, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಬೆಂಕಿ ತಾಗಿದಂತೆ ಉರಿಯುವ ಬೊಬ್ಬೆ ಏಳುತ್ತದೆ. ಅದು ಒಡೆದು ಬಿಳಿ ದಾರದ ತುದಿ ಕಾಣುತ್ತದೆ. ಒಂದು ಮೀಟರಿನವರೆಗೂ ಬೆಳೆಯುವ ಆ ಹೆಣ್ಣುಹುಳುವನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಅಂಗುಲದಂತೆ ವಾರಗಟ್ಟಲೆ ಎಳೆಯಬೇಕು. ನಡುವೆ ತುಂಡಾಯಿತೋ, ಕಾಲು ಊದಿ ಕೀವಾಗುತ್ತದೆ. ಸುಗ್ಗಿಯ ಹೊತ್ತಿಗೆ ಹೀಗಾದರೆ ಆ ಮನೆಗೆ ಆ ವರ್ಷದ ಕೂಲಿಯೂ ಇಲ್ಲ, ಬೆಳೆಯೂ ಇಲ್ಲ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಳಿಸಿದಾಗ ಹುಳು ಲಕ್ಷಾಂತರ ಮರಿಗಳನ್ನು ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕಿಯಷ್ಟೇ ಕಾಣುವ ನೀರುಜೀವಿ ನುಂಗುತ್ತದೆ; ಅದು ಯಾರದೋ ಚೊಂಬಿನೊಳಗೆ ಸೇರುತ್ತದೆ. ಇದನ್ನು ಹಳ್ಳಿಗರ ಕೊಳಕುತನ ಎಂದು ಬರೆದವರಿದ್ದಾರೆ. ಸುಡುವ ಕಾಲನ್ನು ತಣ್ಣೀರಿಗಿಡುವುದು ಕೊಳಕುತನವಲ್ಲ. ತಪ್ಪು ಬಾವಿಯ ಕಟ್ಟಡದಲ್ಲಿತ್ತು.

ಈ ರೋಗದ ಚರಿತ್ರೆಯಲ್ಲಿ ಕರ್ನಾಟಕದ ಪಾಲು ನರಳಾಟದ್ದಷ್ಟೇ ಅಲ್ಲ, ಹುಳುವಿನ ಗುರುತು ಹಿಡಿದ ಕೆಲಸದ್ದೂ ಹೌದು ಎಂಬುದು ನನ್ನ ವಾದ. ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯದ ಫೆಡ್‌ಚೆಂಕೊ 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಕಂಡಿದ್ದ. ಆದರೆ ಹುಳು ಯಾವ ಜಾತಿಯದು, ಮನುಷ್ಯನನ್ನು ಬಿಟ್ಟು ಯಾವ ಪ್ರಾಣಿಯಲ್ಲಿ ಬದುಕಬಲ್ಲದು ಎಂಬುದು ಬಿಡಿಸದ ಗಂಟಾಗಿತ್ತು. ಕಾರಣ ಸರಳ: ಚರ್ಮದಿಂದ ಹೊರಬರುವುದು ಹೆಣ್ಣು, ಮತ್ತು ಈ ಕುಲದ ಹೆಣ್ಣುಹುಳುಗಳನ್ನು ನೋಡಿ ಇದು ಇಂಥ ಜಾತಿ ಎಂದು ಹೇಳುವುದು ಬಹಳ ಕಷ್ಟ. ಜಾತಿಯ ಗುರುತು ಗಂಡಿನ ಮೈಮೇಲಿದೆ. ಕೆಲವೇ ಸೆಂಟಿಮೀಟರ್ ಉದ್ದದ ಆ ಗಂಡು ಮೈಯೊಳಗೇ ಸತ್ತುಹೋಗುತ್ತದೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ವಿ. ಎನ್. ಮೂರ್ತಿ ಚಿತ್ರದುರ್ಗ ಜಿಲ್ಲೆಯ ಬಾವಿಗಳನ್ನು ಹಿಡಿದು ಕೂತರು. ರಾಕ್‌ಫೆಲರ್ ಪ್ರತಿಷ್ಠಾನದ ಸ್ವೀಟ್ ಅವರೊಂದಿಗೆ ಸೇರಿ, 1936ರಲ್ಲಿ ನಾಯಿಗಳಿಗೆ ಸೋಂಕು ತಗುಲಿಸಬಹುದೆಂದು ತೋರಿಸಿದರು. ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ತಡೆಯುವ ದಾರಿಯನ್ನೂ ಮುಂದಿಟ್ಟರು. ಮರುವರ್ಷ ಮೂರ್ತಿಯವರು ಹುಳುವಿನ ರೂಪವನ್ನು ಹೊಸದಾಗಿ ವಿವರಿಸಿ ಬರೆದರು. ಅದರಲ್ಲಿ ಗಂಡಿನ ವಿವರಣೆಗೆ ಆಧಾರವಾದದ್ದು ಆ ನಾಯಿಗಳೇ.

ಪ್ರಯೋಗಶಾಲೆಯ ನಾಯಿಗೆ ಸೋಂಕು ತಗುಲಿತೆಂದ ಮಾತ್ರಕ್ಕೆ ಊರನಾಯಿಯೂ ರೋಗ ಹರಡುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಆಗಬಹುದು ಎಂಬುದಕ್ಕೂ ಆಗುತ್ತಿದೆ ಎಂಬುದಕ್ಕೂ ನಡುವೆ ದೂರವಿದೆ. ಆ ದೂರವನ್ನು ನೆಚ್ಚಿಕೊಂಡೇ ಜಗತ್ತು ಇದನ್ನು ಮನುಷ್ಯನಿಂದ ಮನುಷ್ಯನಿಗೆ ಮಾತ್ರ ಹೋಗುವ ರೋಗವೆಂದು ಲೆಕ್ಕ ಹಾಕಿತು. ಆ ಲೆಕ್ಕ ತಪ್ಪಿದ್ದು ಆಫ್ರಿಕಾದ ಚಾಡ್‌ನಲ್ಲಿ. ಹತ್ತು ವರ್ಷ ಒಂದೂ ಪ್ರಕರಣ ವರದಿಯಾಗದ ಆ ದೇಶದಲ್ಲಿ 2010ರಲ್ಲಿ ರೋಗ ಮತ್ತೆ ಕಂಡಿತು. 2012ರಿಂದ ನಾಯಿಗಳ ಕಾಲಿನಿಂದಲೂ ಹುಳುಗಳು ಹೊರಬಂದವು. ಇವು ನಾಯಿಯದೇ ಬೇರೆ ಹುಳುವೋ, ಮನುಷ್ಯನದೇ ಹುಳುವೋ? ಸಿಕ್ಕಿದ್ದೆಲ್ಲ ಹೆಣ್ಣು, ಕಣ್ಣು ಉತ್ತರ ಕೊಡಲಿಲ್ಲ. ಡಿಎನ್ಎ ಹೋಲಿಸಿದಾಗ ಎರಡೂ ಒಂದೇ ಎಂದು ಖಚಿತವಾಯಿತು. ಚಿತ್ರದುರ್ಗದಲ್ಲಿ ಸಾಧ್ಯತೆಯಾಗಿದ್ದದ್ದು ಅಲ್ಲಿ ಸಂಗತಿಯಾಯಿತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಭಾರತ ಈ ರೋಗವನ್ನು ಓಡಿಸುವಾಗ ಜೀನ್ ಓದಲಿಲ್ಲ, ನಾಯಿಯನ್ನೂ ಎಣಿಸಲಿಲ್ಲ. ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. 1983-84ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾದಾಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೊಳವೆಬಾವಿ ಕೊರೆದರು, ಸೈಕ್ಲಾಪ್ಸ್ ಕೊಲ್ಲಲು ನೀರಿಗೆ ಟೆಮೆಫಾಸ್ ಎಂಬ ರಾಸಾಯನಿಕ ಹಾಕಿದರು, ಬಟ್ಟೆಯಲ್ಲಿ ಸೋಸಿ ಕುಡಿಯಲು ಮನೆಮನೆಗೆ ಹೇಳಿದರು. ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯದು; 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ರೋಗಮುಕ್ತವೆಂದು ಘೋಷಿಸಿತು. ಹಾಗಾದರೆ ಗುರುತು ಹಿಡಿಯುವ ಈ ಹಟವೇಕೆ? ಬಾವಿಗೆ ಕಟ್ಟೆ, ರಾಟೆ ಬಂದ ಮೇಲೆ ಹುಣ್ಣಿನ ಕಾಲಿಗೂ ಕುಡಿಯುವ ನೀರಿಗೂ ಇದ್ದ ನಂಟು ಕಡಿಯಿತು, ನಮ್ಮಲ್ಲಿ ಅದೇ ಸಾಕಾಯಿತು. ಇದನ್ನು ನಾನು ಒಪ್ಪುತ್ತೇನೆ. ಆದರೆ ರೋಗ ಓಡಿಸುವುದು ಒಂದು ಕೆಲಸ, ಅದು ಇಲ್ಲವೆಂದು ವರ್ಷವರ್ಷವೂ ಹೇಳುತ್ತಿರುವುದು ಇನ್ನೊಂದು. ನಾಳೆ ಯಾವುದೋ ಹಳ್ಳಿಯಲ್ಲಿ ಯಾರದೋ ಕಾಲಿನಿಂದ ಬಿಳಿ ಎಳೆ ಹೊರಬಂದರೆ, ಅದು ಹಳೆಯ ನಾರುಹುಳುವೋ ಬೇರೆಯದೋ ಎಂದು ಹೇಳಲೇಬೇಕು. ವಿಯೆಟ್ನಾಮಿನಲ್ಲಿ 2020ರಿಂದ ಈಚೆಗೆ ಮನುಷ್ಯರಲ್ಲಿ ಇಂಥ ಹುಳುಗಳು ಕಂಡವು, ನೋಡಲು ನಾರುಹುಳುವೇ. ಜೀನ್ ಓದಿದಾಗ ಅದೇ ಕುಲದ ಬೇರೆ ಜಾತಿ ಎಂದು ತಿಳಿಯಿತು. ಆ ವ್ಯತ್ಯಾಸ ತಿಳಿದದ್ದರಿಂದಲೇ ಅಲ್ಲಿ ಹುಡುಕಬೇಕಾದ ಮೂಲ ಬೇರೆಯೆಂದು ಗೊತ್ತಾಯಿತು.